ಸಣ್ಣ ಉದ್ದಿಮೆಗೆ ಚಾಟ್‌ಬಾಟ್: ಮಾತು ಯಂತ್ರದ್ದು, ಹೊಣೆ ಅಂಗಡಿಯದು

ಗ್ರಾಹಕರ ವಿಚಾರಣೆಗೆ ಸಕಾಲದಲ್ಲಿ ಉತ್ತರ ನೀಡುವುದು ವ್ಯಾಪಾರದಲ್ಲಿ ಸರಕಿನ ಗುಣಮಟ್ಟದಷ್ಟೇ ಮುಖ್ಯವಾದ ಸಂಗತಿ. ಹಿಂದೆ ಗ್ರಾಹಕರು ಅಂಗಡಿಗೇ ಬಂದು ವಿಚಾರಿಸುತ್ತಿದ್ದರು; ಅನಂತರ ದೂರವಾಣಿಯ ಕಾಲ ಬಂದಿತು. ಇಂದು ವಿಚಾರಣೆಗಳು ವಾಟ್ಸ್ಆ್ಯಪ್ ಸಂದೇಶಗಳ ರೂಪದಲ್ಲಿ ಹೊತ್ತುಗೊತ್ತಿಲ್ಲದೆ ಬರುತ್ತಿವೆ. ದೊಡ್ಡ ಸಂಸ್ಥೆಗಳು ಇವುಗಳಿಗೆ ಉತ್ತರಿಸಲೆಂದೇ ಪ್ರತ್ಯೇಕ ವಿಭಾಗವನ್ನು ಇಟ್ಟುಕೊಳ್ಳಬಲ್ಲವು. ಗಲ್ಲಾ, ಖರೀದಿ, ಲೆಕ್ಕಪತ್ರ ಮೂರನ್ನೂ ಮಾಲೀಕರೇ ನೋಡಿಕೊಳ್ಳುವ ಸಣ್ಣ ಉದ್ದಿಮೆಯಲ್ಲಿ ಇದು ಸಾಧ್ಯವಿಲ್ಲ. ರಾತ್ರಿ ಒಂಬತ್ತಕ್ಕೆ ದರ ಕೇಳಿದವರಿಗೆ ಮರುದಿನ ಹತ್ತಕ್ಕೆ ಉತ್ತರ ಹೋಗುವಷ್ಟರಲ್ಲಿ ಅವರು ಬೇರೆಡೆ ಮುಂಗಡ ಕೊಟ್ಟಿರುವ ಸಂಭವವಿದೆ.

ಪ್ರೋಗ್ರಾಮಿಂಗ್ ಅರಿಯದವರೂ ತಾವೇ ರೂಪಿಸಿಕೊಳ್ಳಬಹುದಾದ 'ನೋ-ಕೋಡ್' ಚಾಟ್‌ಬಾಟ್‌ಗಳು ಈ ಕೊರತೆಯನ್ನು ನೀಗಿಸಲು ಈಗ ಸಣ್ಣ ವರ್ತಕರ ಕೈಗೂ ಎಟುಕುತ್ತಿವೆ. ಅವು ಉಪಕಾರಿಯಾಗುವುದೂ ಉಪದ್ರವವಾಗುವುದೂ ಅವುಗಳಿಗೆ ಯಾವ ಕೆಲಸವನ್ನು ವಹಿಸಲಾಗಿದೆ ಎಂಬುದನ್ನೇ ಅವಲಂಬಿಸಿರುತ್ತದೆ.

ಚಾಟ್‌ಬಾಟ್‌ನ ಎರಡು ಬಗೆ

ಬರೆದು ಕೇಳಿದ ಪ್ರಶ್ನೆಗೆ ತಾನಾಗಿ ಉತ್ತರಿಸುವ ತಂತ್ರಾಂಶವೇ ಚಾಟ್‌ಬಾಟ್. ಕಲ್ಪನೆ ಹೊಸದಲ್ಲ. ಅಮೆರಿಕದ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ಅವರು 1966ರಲ್ಲಿಯೇ 'ಎಲೈಜಾ' ಎಂಬ ಸಂವಾದ ತಂತ್ರಾಂಶದ ವಿವರಗಳನ್ನು ಪ್ರಕಟಿಸಿದ್ದರು. ವಾಕ್ಯದಲ್ಲಿನ ಕೆಲವು ಪದಗಳನ್ನು ಗುರುತಿಸಿ, ಸಿದ್ಧ ಮಾದರಿಯಲ್ಲಿ ಮಾರುತ್ತರ ಕೊಡುವುದಷ್ಟೇ ಅದರ ಕೆಲಸವಾಗಿತ್ತು. ಹಾಗಿದ್ದೂ ಜನರು ಅದಕ್ಕೆ ತಮ್ಮ ಮಾತು ಅರ್ಥವಾಗುತ್ತಿದೆಯೆಂದು ಭಾವಿಸಿದ್ದನ್ನು ಕಂಡು ಸ್ವತಃ ನಿರ್ಮಾತೃವೇ ಕಳವಳಗೊಂಡರು.

ಇಂದಿನ ಚಾಟ್‌ಬಾಟ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದು ಆಯ್ಕೆಪಟ್ಟಿಯನ್ನು ಆಧರಿಸಿದ್ದು. ಗ್ರಾಹಕರು ಗುಂಡಿಯೊಂದನ್ನು ಒತ್ತಿದರೆ ಮಾಲೀಕರು ಮೊದಲೇ ಬರೆದಿಟ್ಟ ಉತ್ತರ ಬರುತ್ತದೆ. 2022ರ ನವೆಂಬರ್ 1ರಂದು ಬೆಂಗಳೂರಿನ 'ನಮ್ಮ ಮೆಟ್ರೋ' ಆರಂಭಿಸಿದ ವಾಟ್ಸ್ಆ್ಯಪ್ ಟಿಕೆಟ್ ಸೇವೆ ಇಂತಹ ಸೀಮಿತ ಕೆಲಸಕ್ಕೆ ಉತ್ತಮ ನಿದರ್ಶನ. ಎರಡನೆಯದು ಕೃತಕ ಬುದ್ಧಿಮತ್ತೆಯನ್ನು ಆಧರಿಸಿದ್ದು. ದರಪಟ್ಟಿ, ಕೈಪಿಡಿ ಮುಂತಾದ ಕಡತಗಳನ್ನು ಅದಕ್ಕೆ ಒದಗಿಸಿದರೆ, ಪ್ರಶ್ನೆಗೆ ತಕ್ಕಂತೆ ತಾನೇ ವಾಕ್ಯ ರಚಿಸಿ ಉತ್ತರಿಸುತ್ತದೆ. ಮಾತು ಸಹಜವಾಗಿರುತ್ತದೆ, ಆದರೆ ತಿಳಿಯದ ವಿಷಯವನ್ನೂ ತಿಳಿದಂತೆ ಕಟ್ಟಿ ಹೇಳುವ ದೋಷ ಅದರಲ್ಲಿದೆ. ಆರಂಭಿಸುವವರಿಗೆ ಮೊದಲನೆಯ ಬಗೆಯೇ ಕ್ಷೇಮಕರ.

ಪ್ರಶ್ನೆಗಳ ವಿಂಗಡಣೆಯೇ ಮೊದಲ ಹೆಜ್ಜೆ

ತಂತ್ರಾಂಶವನ್ನು ಆರಿಸುವ ಮೊದಲು ಕಳೆದ ಒಂದು ತಿಂಗಳಲ್ಲಿ ಅಂಗಡಿಯ ಮೊಬೈಲ್‌ಗೆ ಬಂದ ಸಂದೇಶಗಳನ್ನು ಓದಿ, ಪ್ರಶ್ನೆಗಳನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳುವುದು ಲೇಸು. ಹನಿ ನೀರಾವರಿ ಸಾಮಗ್ರಿಗಳನ್ನು ಮಾರುವ ತಾಲ್ಲೂಕು ಕೇಂದ್ರದ ಅಂಗಡಿಯೊಂದನ್ನು ಉದಾಹರಣೆಯಾಗಿ ಇಟ್ಟುಕೊಂಡರೆ, ಅಲ್ಲಿಗೆ ಬರುವ ಪ್ರಶ್ನೆಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಬಹುದು.

ಮೊದಲನೆಯ ಗುಂಪು ಉತ್ತರ ಬದಲಾಗದ ಪ್ರಶ್ನೆಗಳದು. ಅಂಗಡಿ ಎಲ್ಲಿದೆ, ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ, ವಾರದ ರಜೆ ಯಾವಾಗ, ಬಿಲ್ಲಿಗೆ ಯಾವ ವಿವರ ಕೊಡಬೇಕು ಎಂಬಂಥವು. ಇವನ್ನು ಚಾಟ್‌ಬಾಟ್‌ಗೆ ಪೂರ್ಣವಾಗಿ ವಹಿಸಬಹುದು.

ಎರಡನೆಯದು ಕಾಲಕಾಲಕ್ಕೆ ಉತ್ತರ ಬದಲಾಗುವ ಪ್ರಶ್ನೆಗಳ ಗುಂಪು. 16 ಎಂಎಂ ಲ್ಯಾಟರಲ್ ಪೈಪಿನ ದರ, ದಾಸ್ತಾನು, ತೆರಿಗೆ ಮುಂತಾದವು ಇದರಲ್ಲಿ ಸೇರುತ್ತವೆ. 2025ರ ಸೆಪ್ಟೆಂಬರ್ 22ರಂದು ಹನಿ ನೀರಾವರಿ ವ್ಯವಸ್ಥೆಯ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ರೂ. 10,000 ಮೂಲಬೆಲೆಯ ಸಾಮಗ್ರಿಯ ಒಟ್ಟು ಬೆಲೆ ಒಂದೇ ದಿನದಲ್ಲಿ ರೂ. 11,200ರಿಂದ ರೂ. 10,500ಕ್ಕೆ ಬಂದಿತು. ಅಂದು ಬಿಲ್ಲಿಂಗ್ ತಂತ್ರಾಂಶವನ್ನು ತಿದ್ದಿ, ಚಾಟ್‌ಬಾಟ್‌ನ ದರಪಟ್ಟಿಯನ್ನು ತಿದ್ದದೆ ಬಿಟ್ಟ ಅಂಗಡಿ ತನಗೆ ಅರಿವಿಲ್ಲದೆಯೇ ಪಕ್ಕದ ಅಂಗಡಿಗಿಂತ ರೂ. 700 ಹೆಚ್ಚು ಹೇಳುತ್ತಿರುತ್ತದೆ. ಆದ್ದರಿಂದ ಇಂತಹ ಉತ್ತರಗಳಲ್ಲಿ 'ಈ ದರ ಇಂತಹ ದಿನಾಂಕದ್ದು' ಎಂಬ ನಮೂದು ಇರಬೇಕು. ಅವನ್ನು ತಿದ್ದುವ ಹೊಣೆಯನ್ನು ಒಬ್ಬ ನಿರ್ದಿಷ್ಟ ವ್ಯಕ್ತಿಗೆ ಒಪ್ಪಿಸಿರಬೇಕು.

ಮೂರನೆಯ ಗುಂಪು ವಿವೇಚನೆಯನ್ನು ಬೇಡುವ ಪ್ರಶ್ನೆಗಳದು. 'ಎರಡು ಎಕರೆ ಅಡಿಕೆಗೆ ಎಷ್ಟು ಖರ್ಚು ಬೀಳುತ್ತೆ?', 'ಸಬ್ಸಿಡಿ ಸಿಗುತ್ತಾ?', 'ಉದ್ರಿ ಕೊಡ್ತೀರಾ?', 'ಹೋದ ತಿಂಗಳು ಒಯ್ದ ಫಿಲ್ಟರ್ ಸೋರ್ತಾ ಇದೆ'. ಇವುಗಳಿಗೆ ಯಂತ್ರ ಉತ್ತರಿಸಕೂಡದು. ಆದರೂ ಇಲ್ಲಿ ಅದರ ಉಪಯೋಗವಿದೆ. ಬೆಳೆ ಯಾವುದು, ಎಷ್ಟು ಎಕರೆ, ಸಾಲಿನ ಅಂತರವೆಷ್ಟು, ಕೊಳವೆಬಾವಿ ಜಮೀನಿನಿಂದ ಎಷ್ಟು ದೂರ ಎಂದು ಒಂದೊಂದಾಗಿ ಕೇಳಿ ಬರೆದಿಟ್ಟುಕೊಂಡರೆ, ಬೆಳಗ್ಗೆ ಮಾಲೀಕರು ನೇರವಾಗಿ ಅಂದಾಜುಪಟ್ಟಿ ತಯಾರಿಸಬಹುದು. ಸಬ್ಸಿಡಿಯ ಪ್ರಶ್ನೆಗೆ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸುವಂತೆ ಸೂಚಿಸಿದರೆ ಸಾಕು. ಸರ್ಕಾರದ ಪರವಾಗಿ ಭರವಸೆ ಕೊಡುವ ಅಧಿಕಾರ ಅಂಗಡಿಗೂ ಇಲ್ಲ, ಅದರ ಚಾಟ್‌ಬಾಟ್‌ಗೂ ಇಲ್ಲ.

ಸಲಕರಣೆಗಳು ಮತ್ತು ವೆಚ್ಚ

ಅತ್ಯಂತ ಸರಳವಾದ ಸಾಧನ 2018ರಲ್ಲಿ ಬಿಡುಗಡೆಯಾದ ವಾಟ್ಸ್ಆ್ಯಪ್ ಬಿಸಿನೆಸ್ ಆ್ಯಪ್. ಇದನ್ನು ಉಚಿತವಾಗಿ ಪಡೆಯಬಹುದು. ಸ್ವಾಗತ ಸಂದೇಶ, ಅಂಗಡಿ ಮುಚ್ಚಿದ ವೇಳೆಯ ಸಂದೇಶ, ಸಿದ್ಧ ಉತ್ತರಗಳು ಮತ್ತು ಸರಕಿನ ಚಿತ್ರಪಟ್ಟಿ ಇದರಲ್ಲಿಯೇ ಇವೆ. ದಿನಕ್ಕೆ ಹತ್ತಿಪ್ಪತ್ತು ವಿಚಾರಣೆ ಬರುವ ಅಂಗಡಿಗೆ ಇಷ್ಟೇ ಸಾಕಾಗಬಹುದು.

ಇದಕ್ಕಿಂತ ಹೆಚ್ಚಿನದು ಬೇಕಾದವರು ವಾಟ್ಸ್ಆ್ಯಪ್ ಬಿಸಿನೆಸ್ ಪ್ಲಾಟ್‌ಫಾರ್ಮ್‌ಗೆ ಸಂಪರ್ಕ ಒದಗಿಸುವ ಮಧ್ಯವರ್ತಿ ಕಂಪನಿಗಳ ಸೇವೆಯನ್ನು ಪಡೆಯಬೇಕಾಗುತ್ತದೆ. ಅಲ್ಲಿ ಪರದೆಯ ಮೇಲೆ ಚೌಕಗಳನ್ನು ಇಟ್ಟು, ಬಾಣಗಳಿಂದ ಜೋಡಿಸುತ್ತ ಸಂಭಾಷಣೆಯ ಹಾದಿಯನ್ನು ರೂಪಿಸಬಹುದು. ಒಂದು ಸಂದೇಶದಲ್ಲಿ ಗರಿಷ್ಠ 3 ಉತ್ತರ ಗುಂಡಿಗಳಿಗೆ, ಪಟ್ಟಿಯ ರೂಪದಲ್ಲಾದರೆ 10 ಆಯ್ಕೆಗಳಿಗೆ ಅವಕಾಶವಿದೆ. ಗ್ರಾಹಕರ ಕೊನೆಯ ಸಂದೇಶದಿಂದ 24 ಗಂಟೆಯೊಳಗೆ ಮಾತ್ರ ಮುಕ್ತವಾಗಿ ಉತ್ತರಿಸಬಹುದು. ಅನಂತರ ಕಳುಹಿಸಬೇಕಾದರೆ ಮೊದಲೇ ಅನುಮೋದನೆ ಪಡೆದ 'ಟೆಂಪ್ಲೇಟ್' ಸಂದೇಶವೇ ಆಗಬೇಕು. 2025ರ ಜುಲೈ 1ರಿಂದ ಟೆಂಪ್ಲೇಟ್‌ಗಳಿಗೆ ಸಂದೇಶವೊಂದಕ್ಕೆ ಇಷ್ಟೆಂದು ಶುಲ್ಕ ವಿಧಿಸುವ ಪದ್ಧತಿ ಜಾರಿಗೆ ಬಂದಿತು. ಮಧ್ಯವರ್ತಿ ಕಂಪನಿಯ ಬಾಡಿಗೆ ಇದಕ್ಕೆ ಹೊರತಾದುದು. ಒಪ್ಪಂದಕ್ಕೆ ಮುನ್ನ ಎರಡನ್ನೂ ಕೂಡಿಸಿ ತಿಂಗಳ ಲೆಕ್ಕ ಹಾಕುವುದು ಅವಶ್ಯ. ಸೇವೆಯನ್ನು ನಿಲ್ಲಿಸಿದರೆ ಗ್ರಾಹಕರ ಪಟ್ಟಿ ಕೈಗೆ ಸಿಗುವುದೇ ಎಂಬುದನ್ನೂ ಬರಹದಲ್ಲಿ ಪಡೆಯಬೇಕು.

ಗ್ರಾಹಕರ ಭಾಷೆ

ಉತ್ತರಗಳು ಗ್ರಾಹಕರು ಆಡುವ ಮಾತಿನಲ್ಲಿಯೇ ಇರಬೇಕು. ಕನ್ನಡ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವವರೂ ಇದ್ದಾರೆ. ಬರೆಯುವ ಗೋಜಿಗೇ ಹೋಗದೆ ಧ್ವನಿ ಸಂದೇಶ ಕಳುಹಿಸುವವರೂ ಇದ್ದಾರೆ. ಆಯ್ಕೆಪಟ್ಟಿಯ ಚಾಟ್‌ಬಾಟ್‌ಗೆ ಧ್ವನಿ ಅರ್ಥವಾಗದು. ಅಂತಹ ಸಂದೇಶ ಬಂದೊಡನೆ 'ನಿಮ್ಮ ಸಂದೇಶ ಅಂಗಡಿಯವರಿಗೆ ತಲುಪಿದೆ, ಬೆಳಗ್ಗೆ 10ರೊಳಗೆ ಕರೆ ಮಾಡುತ್ತಾರೆ' ಎಂದು ತಿಳಿಸಿ ಮನುಷ್ಯರಿಗೆ ಒಪ್ಪಿಸುವ ಏರ್ಪಾಡು ಇರಬೇಕು. ಹೇಳಿದ ವೇಳೆಗೆ ಕರೆ ಹೋಗಲೇಬೇಕು. 'ಅಂಗಡಿಯವರೊಡನೆ ಮಾತನಾಡಬೇಕು' ಎಂಬ ಆಯ್ಕೆ ಪ್ರತಿ ಹಂತದಲ್ಲಿಯೂ ಕಾಣುವಂತಿರಬೇಕು. ಉತ್ತರಿಸುತ್ತಿರುವುದು ಯಂತ್ರ ಎಂಬುದನ್ನು ಮೊದಲ ಸಂದೇಶದಲ್ಲಿಯೇ ತಿಳಿಸಿಬಿಡುವುದು ಪ್ರಾಮಾಣಿಕ ವ್ಯವಹಾರದ ಲಕ್ಷಣ.

ಕಾನೂನಿನ ಹೊಣೆ

ಯಂತ್ರ ತಪ್ಪು ಹೇಳಿದರೆ ಹೊಣೆ ಯಾರದು ಎಂಬ ಪ್ರಶ್ನೆ ಕೆನಡಾದಲ್ಲಿ ಎದ್ದಿತ್ತು. ಕುಟುಂಬದಲ್ಲಿ ಸಾವು ಸಂಭವಿಸಿದಾಗ ದೊರೆಯುವ ರಿಯಾಯಿತಿ ದರದ ಬಗ್ಗೆ ಏರ್ ಕೆನಡಾ ವಿಮಾನಯಾನ ಸಂಸ್ಥೆಯ ಚಾಟ್‌ಬಾಟ್ ಪ್ರಯಾಣಿಕರೊಬ್ಬರಿಗೆ ತಪ್ಪು ಮಾಹಿತಿ ನೀಡಿತ್ತು. ಚಾಟ್‌ಬಾಟ್‌ನ ಮಾತಿಗೆ ಅದೇ ಹೊಣೆಯೆಂಬ ಸಂಸ್ಥೆಯ ವಾದವನ್ನು ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರವರಿಯಲ್ಲಿ ತಳ್ಳಿಹಾಕಿ, ಸುಮಾರು 812 ಕೆನಡಾ ಡಾಲರ್ ಪಾವತಿಸುವಂತೆ ಆದೇಶಿಸಿತು.

ಆ ತೀರ್ಪು ಭಾರತದಲ್ಲಿ ಅನ್ವಯಿಸದಿದ್ದರೂ ನಮ್ಮ ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಸರಕು ಅಥವಾ ಸೇವೆಯ ಗುಣಮಟ್ಟ, ಬೆಲೆ ಮುಂತಾದವುಗಳ ಬಗ್ಗೆ ಸುಳ್ಳು ಅಥವಾ ದಾರಿತಪ್ಪಿಸುವ ಹೇಳಿಕೆ ನೀಡುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಅನುಚಿತ ವ್ಯಾಪಾರ ಪದ್ಧತಿಯೆಂದು ಪರಿಗಣಿಸುತ್ತದೆ. ವಿದ್ಯುನ್ಮಾನ ದಾಖಲೆಯ ಮೂಲಕ ನೀಡಿದ ಹೇಳಿಕೆಯೂ ಇದರಲ್ಲಿ ಸೇರಿದೆ. ಗ್ರಾಹಕರ ಹೆಸರು, ಮೊಬೈಲ್ ಸಂಖ್ಯೆ, ವಿಳಾಸಗಳನ್ನು ಸಂಗ್ರಹಿಸುವವರು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯನ್ನೂ ಗಮನಿಸಬೇಕು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಪ್ರಮುಖ ಕರ್ತವ್ಯಗಳ ಪಾಲನೆಗೆ 18 ತಿಂಗಳ ಕಾಲಾವಕಾಶ ನೀಡಲಾಯಿತು. ಅಂದಾಜುಪಟ್ಟಿಗೆ ಬೇಕಿಲ್ಲದ ಆಧಾರ್ ಸಂಖ್ಯೆಯಂತಹ ವಿವರಗಳನ್ನು ಕೇಳದಿರುವುದೇ ಸುಲಭವಾದ ರಕ್ಷಣೆ.

ನಿರ್ವಹಣೆ

ಚಾಟ್‌ಬಾಟ್ ಒಮ್ಮೆ ಸ್ಥಾಪಿಸಿ ಮರೆತುಬಿಡುವ ಸಾಧನವಲ್ಲ. ಬಳಕೆಗೆ ಬಿಡುವ ಮೊದಲು ತಂತ್ರಜ್ಞಾನದ ಪರಿಚಯವಿಲ್ಲದ ನಾಲ್ಕೈದು ಹಳೆಯ ಗ್ರಾಹಕರ ಕೈಯಲ್ಲಿ ಪರೀಕ್ಷಿಸುವುದು ಸೂಕ್ತ. ಅನಂತರ ವಾರಕ್ಕೊಮ್ಮೆ ಅರ್ಧ ಗಂಟೆ ಮೀಸಲಿಟ್ಟು, ಉತ್ತರ ಸಿಗದ ಪ್ರಶ್ನೆಗಳು ಯಾವುವು, ಗ್ರಾಹಕರು ಯಾವ ಹಂತದಲ್ಲಿ ಸಂಭಾಷಣೆಯನ್ನು ನಿಲ್ಲಿಸಿದರು, ಎಷ್ಟು ವಿಚಾರಣೆಗಳು ಮಾರಾಟವಾಗಿ ಪರಿಣಮಿಸಿದವು ಎಂಬುದನ್ನು ಪರಿಶೀಲಿಸಬೇಕು. ಮೂರು ತಿಂಗಳಲ್ಲಿ ಮಾಲೀಕರ ಸಮಯ ಉಳಿಯದಿದ್ದರೆ, ಕೈತಪ್ಪುತ್ತಿದ್ದ ವಿಚಾರಣೆಗಳೂ ಕೈಗೆ ಸಿಗದಿದ್ದರೆ, ಬಾಡಿಗೆಯ ಸೇವೆಯನ್ನು ಕೈಬಿಟ್ಟು ಉಚಿತ ಆ್ಯಪ್‌ಗೆ ಮರಳುವುದರಲ್ಲಿ ಸಂಕೋಚ ಬೇಡ.

ವರ್ತಕರು ಅಂಗಡಿಗೆ ಹೊಸ ಹುಡುಗನನ್ನು ಸೇರಿಸಿಕೊಂಡಾಗ ಮೊದಲ ದಿನವೇ ದರ ಇಳಿಸುವ, ಉದ್ರಿ ಕೊಡುವ ಅಧಿಕಾರವನ್ನು ಆತನಿಗೆ ಬಿಟ್ಟುಕೊಡುವುದಿಲ್ಲ. ಬಂದವರನ್ನು ವಿಚಾರಿಸುವುದು, ಬೇಕಾದುದನ್ನು ಬರೆದುಕೊಳ್ಳುವುದು, ತಿಳಿಯದಿದ್ದರೆ ಯಜಮಾನರನ್ನು ಕರೆಯುವುದು ಇಷ್ಟನ್ನು ಕಲಿಸುತ್ತಾರೆ. ಚಾಟ್‌ಬಾಟ್‌ಗೂ ಇಷ್ಟೇ ಅಧಿಕಾರವನ್ನು ಕೊಟ್ಟು ಆರಂಭಿಸಿದ ಉದ್ದಿಮೆಗೆ ಅದರಿಂದ ನಷ್ಟದ ಭಯವಿರುವುದಿಲ್ಲ.