ಎದೆಗೂಡಿನಲ್ಲಿ ಕೀವು

ನ್ಯುಮೋನಿಯ ಜ್ವರದ ಹೆಸರನ್ನು ಕೇಳದ ಗೃಹಸ್ಥರು ವಿರಳ. ಆ ಜ್ವರದ ಬೆನ್ನಿಗೆ ಒಮ್ಮೊಮ್ಮೆ ಬರುವ ಎಂಪೈಮವೆಂಬ ವ್ಯಾಧಿಯನ್ನು ಬಲ್ಲವರು ಇನ್ನೂ ವಿರಳ. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರ ಮನೆಗಳಲ್ಲಿ ಇದರ ಅರಿವು ವಿಶೇಷವಾಗಿ ಇರಬೇಕೆಂದು ನಮ್ಮ ಅಭಿಪ್ರಾಯ. ಕಾರಣವನ್ನು ಮುಂದೆ ಹೇಳುವೆವು.

ಶ್ವಾಸಕೋಶವನ್ನು ಎರಡು ಪದರಗಳ ತೆಳುವಾದ ಪೊರೆಯು ಸುತ್ತಿಕೊಂಡಿರುವುದು. ಪದರಗಳ ನಡುವೆ ಇರತಕ್ಕುದು ಸ್ವಲ್ಪವೇ ನೀರು. ಉಸಿರಾಡುವಾಗ ಅವು ಒಂದರ ಮೇಲೊಂದು ಜಾರಲು ಅಷ್ಟು ಸಾಕು. ಶ್ವಾಸಕೋಶದ ಸೋಂಕು ಈ ಪೊರೆಯನ್ನು ಮುಟ್ಟಿದರೆ ಅಲ್ಲಿ ನೀರು ಶೇಖರವಾಗುವುದು. ಮೊದಲು ಅದು ಗಂಜಿಯ ತಿಳಿಯಂತೆ ಇರುವುದು. ಸೂಕ್ಷ್ಮಜೀವಿಗಳು ಸೇರಿದ ಬಳಿಕ ಗಂಜಿಯಂತೆಯೇ ಮಂದವಾಗಿ, ಒಳಗೆ ಎಳೆಗಳು ಹುಟ್ಟಿ, ಕೋಣೆಕೋಣೆಯಾಗಿ ಒಡೆಯುವುದು. ಕೆಲವು ವಾರ ಕಳೆದರೆ ದಪ್ಪನೆಯ ತೊಗಟೆ ಬೆಳೆದು ಶ್ವಾಸಕೋಶವನ್ನು ಹಿಗ್ಗಗೊಡದೆ ಬಿಗಿಯುವುದು.

ನ್ಯುಮೋನಿಯಕ್ಕೆ ಔಷಧ ಆರಂಭಿಸಿ ಮೂರು ದಿನವಾದರೂ ಜ್ವರ ಇಳಿಯದಿದ್ದರೆ, ಉಸಿರೆಳೆದಾಗ ಒಂದು ಪಕ್ಕೆಯಲ್ಲಿ ಚುಚ್ಚಿದಂತಾದರೆ, ವೈದ್ಯರಲ್ಲಿಗೆ ಮರಳಿ ಹೋಗತಕ್ಕುದು. ಮಧುಮೇಹಿಗಳೂ ಮದ್ಯಪಾನಿಗಳೂ ಹಲ್ಲು ಹುಳುಕಾದವರೂ ಹೆಚ್ಚು ಎಚ್ಚರದಿಂದಿರಬೇಕು. ಸೂಜಿಯಿಂದ ತೆಗೆದ ನೀರನ್ನು ಕ್ಷಯಕ್ಕಾಗಿಯೂ ಪರೀಕ್ಷಿಸುವುದು ನಮ್ಮ ದೇಶದಲ್ಲಿ ಅವಶ್ಯ.

ಶೇಖರವಾದ ಕೀವು ಔಷಧದಿಂದ ಮಾತ್ರವೇ ಹೋಗುವುದಿಲ್ಲ, ಹೊರಗೆ ಹರಿಯಿಸಬೇಕು. ಗ್ರೀಸಿನ ಹಿಪೊಕ್ರೇಟಿಸನ ಕಾಲದಲ್ಲಿಯೇ ಇದು ತಿಳಿದಿತ್ತು. ಆದರೆ ತೆರೆಯುವ ರೀತಿಯನ್ನು ಕಲಿಯಲು ಬಹಳ ಪ್ರಾಣಗಳು ಹೋದುವು. 1918ರಲ್ಲಿ ಅಮೆರಿಕದ ಸೈನ್ಯಶಿಬಿರಗಳಲ್ಲಿ ನ್ಯುಮೋನಿಯ ಹಬ್ಬಿದಾಗ ರೋಗಿಗಳ ಎದೆಯನ್ನು ಬೇಗನೆ ಕೊಯ್ದು ತೆರೆಯುತ್ತಿದ್ದರು. ಗಾಳಿ ನುಗ್ಗಿ ಶ್ವಾಸಕೋಶ ಕುಸಿಯುತ್ತಿತ್ತು. ನೂರಕ್ಕೆ ಸುಮಾರು 30 ಮಂದಿ ಸಾಯುತ್ತಿದ್ದರು. ಎವಾರ್ಟ್ಸ್ ಗ್ರಹಾಮ್ ಮುಂತಾದವರಿದ್ದ ಆಯೋಗವು ಗಾಳಿ ಹೊಗದಂತೆ ಕೀವನ್ನು ತೆಗೆಯಬೇಕೆಂದು ವಿಧಿಸಿದ ಮೇಲೆ ಸಾವುಗಳು ಬಹುಮಟ್ಟಿಗೆ ತಗ್ಗಿದುವು.

ಇಂದಿಗೂ ಕ್ರಮವು ಅದೇ. ಪಕ್ಕೆಲುಬುಗಳ ನಡುವೆ ಇಟ್ಟ ಕೊಳವೆಯ ಇನ್ನೊಂದು ತುದಿಯು ಸೀಸೆಯ ನೀರಿನೊಳಗೆ ಮುಳುಗಿರುವುದು. ಕೀವು ಹೊರಬರುವುದು, ಗಾಳಿ ಒಳಹೋಗದು. ಸೀಸೆಯಲ್ಲಿ ಗುಳ್ಳೆಗಳೇಳುವುದನ್ನು ಕಂಡು ನೆಂಟರು ಗಾಬರಿಯಾಗುವುದುಂಟು. ಅದಕ್ಕಿಂತ ಅವರು ನೆನಪಿಡಬೇಕಾದುದು, ಸೀಸೆಯನ್ನು ರೋಗಿಯ ಎದೆಯ ಮಟ್ಟಕ್ಕಿಂತ ಮೇಲೆತ್ತಬಾರದೆಂಬುದು. ಎಳೆಗಳನ್ನೂ ಮಂದವಾದ ಕೀವನ್ನೂ ಕರಗಿಸುವ ಎರಡು ಔಷಧಗಳನ್ನು ಜೊತೆಯಾಗಿ ಕೊಳವೆಯೊಳಗೆ ಕೊಟ್ಟರೆ ಶಸ್ತ್ರಕ್ರಿಯೆಯ ಅಗತ್ಯ ಕಡಮೆಯಾಗುವುದೆಂದು 2011ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿತು. ತೊಗಟೆ ಬೆಳೆದಿದ್ದರೆ ಶಸ್ತ್ರದಿಂದ ಸುಲಿಯುವುದೇ ಅನೇಕರಿಗೆ ಗತಿ. ಸೂಕ್ಷ್ಮಜೀವಿನಾಶಕ ಔಷಧವನ್ನಂತೂ ವಾರಗಟ್ಟಲೆ ಸೇವಿಸಬೇಕು.

ಪೀಣ್ಯದ ಮಾತು ಬರುವುದು ಇಲ್ಲಿಯೇ. ಜ್ವರ ಎರಡು ದಿನ ಬಿಟ್ಟೊಡನೆ ಸಂಬಳ ಹೋದೀತೆಂದು ಲೇತ್ ಯಂತ್ರದ ಮುಂದೆ ನಿಲ್ಲುವವನಿಗೆ ವಾರಗಟ್ಟಲೆಯ ಚಿಕಿತ್ಸೆ ಹೇಗೆ ಸಾಧ್ಯ? 1948ರ ಕಾಯಿದೆಯಿಂದ ಹುಟ್ಟಿದ ಇ.ಎಸ್.ಐ. ಯೋಜನೆಯು ವಂತಿಗೆ ಸಂದಿರುವ ಕಾರ್ಮಿಕನಿಗೆ ಕಾಯಿಲೆಯ ಕಾಲದಲ್ಲಿ ವರ್ಷಕ್ಕೆ 91 ದಿನಗಳವರೆಗೆ ನೂರಕ್ಕೆ 70ರಂತೆ ಸಂಬಳ ಕೊಡುತ್ತದೆ. ದೀರ್ಘಕಾಲದ 34 ವ್ಯಾಧಿಗಳ ಪಟ್ಟಿಯೊಂದು ಬೇರೆ ಇದೆ. ಅದರಲ್ಲಿ ಕ್ಷಯ, ಕುಷ್ಠಗಳ ಜೊತೆಗೆ ಹಳೆಯದಾದ ಎಂಪೈಮವೂ ಸೇರಿದೆ. ಎರಡು ವರ್ಷ ಎಡೆಬಿಡದೆ ಕೆಲಸದಲ್ಲಿದ್ದು ವಂತಿಗೆಯ ನಿಯಮಕ್ಕೆ ಒಳಪಟ್ಟವರಿಗೆ ಇಂತಹ ವ್ಯಾಧಿಯಲ್ಲಿ ನೂರಕ್ಕೆ 80ರಂತೆ, ಹೆಚ್ಚೆಂದರೆ ಎರಡು ವರ್ಷದವರೆಗೆ ದೊರೆಯಬಹುದು. ಈ ಪಟ್ಟಿಯನ್ನು ಕಾರ್ಖಾನೆಗಳ ಬಾಗಿಲಲ್ಲಿ ತೂಗುಹಾಕಿದರೆ ಲೇಸು. ಪೀಣ್ಯದಲ್ಲಿಯೇ ಇ.ಎಸ್.ಐ. ಆಸ್ಪತ್ರೆಯಿದೆ. ರಜೆಯ ಪ್ರಮಾಣಪತ್ರವನ್ನು ಮೊದಲ ದಿನದಿಂದಲೇ ಬರೆಯಿಸಿ ಜೋಪಾನವಾಗಿಡುವ ಕೆಲಸವನ್ನು ಮನೆಯವರು ವಹಿಸಿಕೊಳ್ಳಲಿ.