ಇಂಗ್ಲಿಷಿನ ‘ವೂಟ್ಜ್’ ನಮ್ಮ ‘ಉಕ್ಕು’ ಪದವೇ?

ಭಾರತದ ಹಳೆಯ ಉಕ್ಕಿಗೆ ಇಂಗ್ಲಿಷಿನಲ್ಲಿ ಇರುವ ‘ವೂಟ್ಜ್’ ಎಂಬ ಹೆಸರು ಕನ್ನಡದ್ದು, ಹೆಮ್ಮೆಯಿಂದ ಶೇರ್ ಮಾಡಿ ಎನ್ನುವ ಧಾಟಿಯ ಸಂದೇಶಗಳು ಆಗಾಗ ಬರುತ್ತವೆ. ಸಂಡೂರಿನ ಅದಿರು ಲಾರಿಗಳನ್ನು ನೋಡುತ್ತಲೇ ಬೆಳೆದ ಕೊಟ್ಟೂರು, ಕೂಡ್ಲಿಗಿ ಕಡೆಯವರಿಗೆ ಇದು ಬೇಗ ಹಿಡಿಸುವ ಮಾತು. ಪರಿಶೀಲಿಸಿ ನೋಡಿದೆವು. ಬಹುಪಾಲು ನಿಜ, ಪೂರ್ತಿ ಅಲ್ಲ.

1794ರಲ್ಲಿ ಬೊಂಬಾಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್, ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಇಲ್ಲಿನ ಉಕ್ಕಿನ ಮಾದರಿ ಕಳಿಸಿದರು. ಮರುವರ್ಷ ಜಾರ್ಜ್ ಪಿಯರ್ಸನ್ ಅದರ ಬಗ್ಗೆ ಬರೆದ ಪ್ರಬಂಧದಲ್ಲಿ ‘ವೂಟ್ಜ್’ ಎಂಬ ಹೆಸರೇ ಅಚ್ಚಾಯಿತು. ‘ಉಕ್ಕು’ ಹೋಗಿ ‘ವೂಟ್ಜ್’ ಆದದ್ದು ಹೇಗೆ? ‘ವೂಕ್’ ಎಂದು ಬರೆದದ್ದನ್ನು ನಕಲು ಮಾಡುವಾಗ ತಪ್ಪಾಗಿರಬಹುದು ಎಂದು 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟು ಊಹಿಸಿ, ಕನ್ನಡದ ‘ಉಕ್ಕು’ವನ್ನೇ ಮೂಲವಾಗಿ ತೋರಿಸುತ್ತದೆ. ಅದು ಊಹೆ ಎಂಬುದನ್ನು ಫಾರ್ವರ್ಡ್‌ಗಳು ಬಿಟ್ಟುಬಿಡುತ್ತವೆ.

ಇನ್ನೊಂದನ್ನೂ ಬಿಡುತ್ತವೆ. ತೆಲುಗಿನಲ್ಲೂ ಇದು ‘ಉಕ್ಕು’; ವಿಶಾಖಪಟ್ಟಣದ ಕಾರ್ಖಾನೆಗಾಗಿ 1966ರಲ್ಲಿ ನಡೆದ ಹೋರಾಟದ ಘೋಷಣೆಯಲ್ಲಿ ಮೊಳಗಿದ್ದೂ ಇದೇ ಪದ. ತಮಿಳಿನಲ್ಲಿ ‘ಉರುಕ್ಕು’, ಹಳೆಗನ್ನಡದಲ್ಲಿ ‘ಉರ್ಕು’. ದ್ರಾವಿಡ ಭಾಷೆಗಳ ನಿರುಕ್ತ ನಿಘಂಟು ಇವನ್ನೆಲ್ಲ ‘ಕರಗು’ ಎಂಬ ಅರ್ಥದ ಒಂದೇ ಗುಂಪಿಗೆ ಸೇರಿಸುತ್ತದೆ. ಹಾಲು ಉಕ್ಕುವುದಕ್ಕೂ ಇದಕ್ಕೂ ನಂಟು ಕಟ್ಟುವವರಿದ್ದಾರೆ. ಕೇಳಲು ಚೆಂದ, ಆದರೆ ಆ ‘ಉಕ್ಕು’ ನಿಘಂಟಿನಲ್ಲಿ ಬೇರೆ ಪದ.

ಕರಗಿದ್ದು ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಹಳೆಯ ಕುಲುಮೆಯಲ್ಲಿ ಅದಿರಿನಿಂದ ತೆಗೆದ ಕಬ್ಬಿಣ ಪೂರ್ತಿ ನೀರಾಗುತ್ತಿರಲಿಲ್ಲ. ಮೆತ್ತಗಾದ ಮುದ್ದೆಯನ್ನು ಬಡಿದು ಬಡಿದು ಕಿಟ್ಟ ಬಿಡಿಸಬೇಕಿತ್ತು. ಉಕ್ಕಿಗೆ ಹಾಗಲ್ಲ. ಆ ಕಬ್ಬಿಣದ ತುಂಡನ್ನು ಮಣ್ಣಿನ ಮೂಸೆಯಲ್ಲಿಟ್ಟು, ಜೊತೆಗೆ ಗಿಡದ ಕಡ್ಡಿ, ಹಸಿರೆಲೆ ಹಾಕಿ, ಬಾಯಿ ಮುಚ್ಚಿ ಗಂಟೆಗಟ್ಟಲೆ ತಿದಿ ಊದುತ್ತಿದ್ದರು. ಕಡ್ಡಿ ಸುಟ್ಟು ಇದ್ದಿಲಾಗಿ, ಅದರ ಇಂಗಾಲ ಕಬ್ಬಿಣಕ್ಕೆ ಸೇರುತ್ತದೆ. ಇಂಗಾಲ ಸೇರಿದ ಕಬ್ಬಿಣ ಕಡಿಮೆ ಶಾಖಕ್ಕೇ ಕರಗುತ್ತದೆ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಕೆಲಸವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಅವನು ಹೇಳುವ ಕಡ್ಡಿ ತಂಗಡಿ ಗಿಡದ್ದು, ನಮ್ಮ ಬಯಲುಸೀಮೆಯ ದಾರಿ ಬದಿಯಲ್ಲಿ ಹಳದಿ ಹೂ ಬಿಡುವ ಅದೇ ಆವರಿಕೆ.

ಅಂದಹಾಗೆ, ಕಬ್ಬಿಣಕ್ಕೆ ಹೆಸರು ಬಂದದ್ದು ಬಣ್ಣದಿಂದ: ಹಳೆಯ ರೂಪ ‘ಕರ್ಬುನ’ದಲ್ಲಿ ‘ಕರಿ’ ಇದೆ. ಉಕ್ಕಿಗೆ ಕಮ್ಮಾರರ ಕೆಲಸದಿಂದ ಬಂತು.

ಸಂದೇಶ ಕಳಿಸುವುದಿದ್ದರೆ ‘ಕನ್ನಡದ್ದು ಮಾತ್ರ’ ಎಂಬುದನ್ನು ತೆಗೆದು, ‘ಕನ್ನಡ, ತೆಲುಗು ಎರಡರಲ್ಲೂ ಇರುವ ಪದ’ ಎಂದು ಬರೆದು ಕಳಿಸಿ.