ನೀರು ತುಂಬುವ ಹಬ್ಬ: ಸಣ್ಣ ಬಚ್ಚಲಿಗೂ ಸಿಂಗಾರ

ದೀಪಾವಳಿ ಬಂತು ಅಂದರೆ ಮನೆಯಲ್ಲಿ ಸಂಭ್ರಮ. ಬಾಗಿಲಿಗೆ ತೋರಣ ಕಟ್ಟುತ್ತೇವೆ. ಅಂಗಳಕ್ಕೆ ರಂಗೋಲಿ ಹಾಕುತ್ತೇವೆ. ಹೊಸ್ತಿಲಿಗೆ ಅರಿಶಿನ, ಕುಂಕುಮ ಇಡುತ್ತೇವೆ. ಆದರೆ ಈ ಹಬ್ಬ ಶುರುವಾಗುವುದು ಎಲ್ಲಿಂದ, ಗೊತ್ತೆ? ಬಚ್ಚಲಿಂದ!

ಹೌದು. ಆಶ್ವಯುಜ ಮಾಸದ ಬಹುಳ ತ್ರಯೋದಶಿಯ ಸಂಜೆ ನೀರು ತುಂಬುವ ಹಬ್ಬ. ಮರುದಿನ ನರಕ ಚತುರ್ದಶಿ. ಅಂದು ಬೆಳಗಿನ ಜಾವ ಎದ್ದು ಮನೆಮಂದಿಯೆಲ್ಲ ಎಣ್ಣೆಸ್ನಾನ ಮಾಡುತ್ತಾರೆ. ಕೃಷ್ಣ ನರಕಾಸುರನನ್ನು ಕೊಂದು ಬಂದು ಎಣ್ಣೆ ಹಚ್ಚಿ ಮಿಂದ ಎಂದು ಹಿರಿಯರು ಕಥೆ ಹೇಳುತ್ತಾರೆ. ಆ ಸ್ನಾನಕ್ಕೆ ಹಿಂದಿನ ಸಂಜೆಯೇ ನೀರು ತುಂಬಿ ಇಡಬೇಕು. ವರ್ಷವೆಲ್ಲ ಮಸಿ ಹಿಡಿದು ಕೂತ ಹಂಡೆಗೆ ಅಂದು ಪೂಜೆ.

ಹಬ್ಬ ಯಾರಿಗೆ?

ಒಂದು ಬಾಡಿಗೆ ಮನೆ. ಅಲ್ಲಿ ಸೊಸೆ ಅತ್ತೆಯನ್ನು ಕೇಳಿದಳು.

“ನಮ್ಮ ಬಚ್ಚಲು ನೋಡಿ ಅತ್ತೆ. ಮೂರಡಿ ಅಗಲ, ನಾಲ್ಕಡಿ ಉದ್ದ. ಹಂಡೆಯೂ ಇಲ್ಲ, ಒಲೆಯೂ ಇಲ್ಲ. ಇರೋದು ಒಂದು ಪ್ಲಾಸ್ಟಿಕ್ ಬಕೆಟ್ಟು. ಇದಕ್ಕೆ ಏನು ಸಿಂಗಾರ ಮಾಡೋದು?”

ಅತ್ತೆ ನಕ್ಕರು. “ಹಬ್ಬ ಹಂಡೆಗಲ್ಲ ಕಣಮ್ಮ, ನೀರಿಗೆ. ಬಕೆಟ್ಟಲ್ಲಿ ಇದ್ದರೂ ಅದು ನೀರೇ ತಾನೆ? ಮೊದಲು ಶುಚಿ ಮಾಡು. ಆಮೇಲೆ ಎರಡು ಹೂ ಇಡು. ಅಷ್ಟು ಸಾಕು.”

ಅತ್ತೆ ಹೇಳಿದ್ದು ಸರಿ. ಬಚ್ಚಲಿಗೆ ಮೊದಲ ಸಿಂಗಾರ ಶುಚಿತ್ವ.

ಮೊದಲು ತೊಳೆಯೋಣ

ತಾಮ್ರದ ಹಂಡೆ ಇದ್ದರೆ ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿ. ಹುಣಸೆಯ ಹುಳಿಗೆ ತಾಮ್ರದ ಕಪ್ಪು ಕರಗುತ್ತದೆ. ಹಸಿರು ಕಿಲುಬೂ ಬಿಡುತ್ತದೆ. ಕಿಲುಬು ವಿಷ. ಆದ್ದರಿಂದ ಉಜ್ಜಿದ ಮೇಲೆ ಎರಡು ಮೂರು ಸಲ ಚೆನ್ನಾಗಿ ತೊಳೆಯಿರಿ.

ಬಕೆಟ್, ಡ್ರಮ್, ತೊಟ್ಟಿ ಇದ್ದರೆ ಒಳಗಿನ ಗೋಡೆಯನ್ನೂ ಉಜ್ಜಿ. ಯಾಕೆ? ಡೆಂಗಿ ಜ್ವರ ಹರಡುವ ಸೊಳ್ಳೆ ನಿಂತ ನೀರಿನ ಅಂಚಿನಲ್ಲಿ, ಪಾತ್ರೆಯ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ನೀರು ಚೆಲ್ಲಿದರೂ ಮೊಟ್ಟೆ ಒಣಗಿಕೊಂಡೇ ಬದುಕಿರುತ್ತದೆ. ಮತ್ತೆ ನೀರು ಬಿದ್ದರೆ ಮರಿಯಾಗುತ್ತದೆ. ಸುಮಾರು ಒಂದು ವಾರ, ಹತ್ತು ದಿನದಲ್ಲಿ ಸೊಳ್ಳೆ ಹಾರುತ್ತದೆ. ಅದಕ್ಕೇ ವಾರಕ್ಕೊಮ್ಮೆ ಪಾತ್ರೆ ಖಾಲಿ ಮಾಡಿ ಉಜ್ಜಬೇಕು. ತುಂಬಿದ ನೀರಿಗೆ ಮುಚ್ಚಳ ಇರಬೇಕು.

ನೆಲದ ಪಾಚಿಯನ್ನು ತೆಂಗಿನ ನಾರಿನಿಂದ ತಿಕ್ಕಿ ತೆಗೆಯಿರಿ. ಬ್ಲೀಚಿಂಗ್ ಪುಡಿ ಮತ್ತು ಆಸಿಡ್ ಎರಡನ್ನೂ ಒಟ್ಟಿಗೆ ಹಾಕಲೇಬೇಡಿ. ಎರಡೂ ಬೆರೆತರೆ ವಿಷಗಾಳಿ ಏಳುತ್ತದೆ. ಸಣ್ಣ ಬಚ್ಚಲಲ್ಲಿ ಉಸಿರು ಕಟ್ಟುತ್ತದೆ.

ಗೋಡೆಗೆ ಸುಣ್ಣ ಹೊಡೆದರೆ ಕತ್ತಲೆಯ ಬಚ್ಚಲೂ ಬೆಳಗುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಅದು ಕೊತಕೊತ ಕುದಿಯುತ್ತದೆ. ಮಕ್ಕಳನ್ನು ದೂರ ಇಡಿ. ಸುಣ್ಣ ಕಣ್ಣಿಗೆ ಸಿಡಿದರೆ ಉಜ್ಜಬೇಡಿ. ಕೂಡಲೇ ಶುದ್ಧ ನೀರಿನಲ್ಲಿ ತುಂಬ ಹೊತ್ತು ತೊಳೆದು ಆಸ್ಪತ್ರೆಗೆ ಹೋಗಿ.

ಈಗ ಸಿಂಗಾರ

ಹಂಡೆಯ ಮೇಲೆ ಕೆಮ್ಮಣ್ಣು, ಸುಣ್ಣದಿಂದ ಗೆರೆ, ಚಿತ್ತಾರ ಬರೆಯುವವರಿದ್ದಾರೆ. ಮಲೆನಾಡು, ಉತ್ತರ ಕನ್ನಡದ ಕಡೆ ಹಿಂಡಲೆಕಾಯಿ ಬಳ್ಳಿಯನ್ನು ಹಂಡೆಯ ಕೊರಳಿಗೆ ಸುತ್ತುತ್ತಾರೆ. ಮಾವಿನ ಎಲೆ, ಚೆಂಡು ಹೂ ಕಟ್ಟುವುದು ಎಲ್ಲ ಕಡೆಯೂ ಉಂಟು.

ನಿಮ್ಮ ಬಚ್ಚಲು ಸಣ್ಣದೆ? ಹಾಗಾದರೆ ಹೀಗೆ ಮಾಡಿ:

1. ಬಾಗಿಲ ಮೇಲೆ ಮಾವಿನ ಎಲೆಯ ಸಣ್ಣ ತೋರಣ ಕಟ್ಟಿ.
2. ಬಕೆಟ್ಟಿನ ಕಂಠಕ್ಕೆ ಒಂದು ಮೊಳ ಚೆಂಡು ಹೂ ಸುತ್ತಿ.
3. ರಂಗೋಲಿಯನ್ನು ಬಾಗಿಲ ಹೊರಗೆ ಹಾಕಿ. ಒಳಗೆ ಬೇಡ.
4. ಹೂವು, ಎಲೆ ನೆಲದ ಮೇಲೆ ಹರಡಬೇಡಿ. ಎಣ್ಣೆ ಕಾಲಿಗೆ ಸಿಕ್ಕರೆ ಜಾರುತ್ತದೆ. ತೂಬೂ ಕಟ್ಟಿಕೊಳ್ಳುತ್ತದೆ.
5. ಹಣತೆಯನ್ನು ಹೊರಗೆ, ಸೀರೆಯ ಸೆರಗು ತಾಗದ ಕಡೆ ಇಡಿ.
6. ಕರೆಂಟಿನ ಬಣ್ಣದ ದೀಪದ ಸರ ಬಚ್ಚಲಿಗೆ ಬೇಡವೇ ಬೇಡ. ನೀರು, ಕರೆಂಟು ಎರಡೂ ಸೇರಿದರೆ ಜೀವಕ್ಕೆ ಅಪಾಯ.

ಸಣ್ಣ ಜಾಗ, ಹೆಚ್ಚು ಎಚ್ಚರ

ಸಿಂಗಾರಕ್ಕೆ ಎಂದು ಗಾಳಿಕಿಂಡಿಗೆ ಪರದೆ, ಪ್ಲಾಸ್ಟಿಕ್ ಹಾಳೆ ಕಟ್ಟಬೇಡಿ. ಬಚ್ಚಲೊಲೆಯ ಬೆಂಕಿಗೆ ಗಾಳಿ ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಹುಟ್ಟುತ್ತದೆ. ಗ್ಯಾಸ್ ಗೀಸರ್‌ನಿಂದಲೂ ಇದು ಬರಬಹುದು. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಸ್ನಾನಕ್ಕೆ ಹೋದವರು ತಲೆ ಸುತ್ತಿ ಅಲ್ಲೇ ಬೀಳುತ್ತಾರೆ. ಪ್ರಾಣವೂ ಹೋಗುತ್ತದೆ. ಕಿಂಡಿ ತೆರೆದಿರಲಿ. ಗ್ಯಾಸ್ ಗೀಸರ್ ಬಚ್ಚಲ ಹೊರಗೆ, ಗಾಳಿ ಆಡುವ ಕಡೆ ಇರಲಿ.

ಬಕೆಟ್ಟಿಗೆ ಕರೆಂಟಿನ ಕಾಯಿಲ್ ಇಟ್ಟು ನೀರು ಕಾಯಿಸುತ್ತೀರಾ? ಕಾದಿದೆಯೇ ಎಂದು ನೋಡಲು ಕೈ ಅದ್ದಬೇಡಿ. ಮೊದಲು ಸ್ವಿಚ್ ಆರಿಸಿ, ಪ್ಲಗ್ ಕೀಳಿ. ಆಮೇಲೆ ನೀರು ಮುಟ್ಟಿ.

ಎಣ್ಣೆಸ್ನಾನದ ದಿನ ನೆಲ ಜಾರುವುದು ಸಹಜ. ಒಬ್ಬರು ಮಿಂದು ಬಂದ ಮೇಲೆ ಸೀಗೆಪುಡಿಯನ್ನೋ ಸೋಪಿನ ಪುಡಿಯನ್ನೋ ಹಾಕಿ ನೆಲ ತಿಕ್ಕಿ. ಬಳಿಕ ಇನ್ನೊಬ್ಬರು ಹೋಗಲಿ. ಅಜ್ಜ, ಅಜ್ಜಿಗೆ ಕೂರಲು ಗಟ್ಟಿ ಮಣೆ ಕೊಡಿ.

ಮಿಂದ ನೀರು ಎಲ್ಲಿಗೆ?

ಒಳಗೆ ಸಿಂಗಾರ, ಹೊರಗೆ ರೊಚ್ಚು. ಇದು ಚೆಂದವೆ? ಬಚ್ಚಲ ನೀರು ಬೀದಿಯಲ್ಲಿ ನಿಂತರೆ ಅಲ್ಲೂ ಸೊಳ್ಳೆ ಹುಟ್ಟುತ್ತದೆ. ಹಿತ್ತಲಿದ್ದರೆ ನೀರನ್ನು ಬಾಳೆಗೆ, ಕೆಸುವಿಗೆ ಬಿಡಿ. ಇಲ್ಲವಾದರೆ ಇಂಗುಗುಂಡಿ ತೋಡಿ. 3 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಆಳ ಇರಲಿ. ಕೆಳಗೆ ದಪ್ಪ ಕಲ್ಲು, ಮೇಲೆ ಸಣ್ಣ ಜಲ್ಲಿ ತುಂಬಿ. ನೀರು ಮಣ್ಣಿಗೆ ಇಂಗುತ್ತದೆ. ಗುಂಡಿ ಕುಡಿಯುವ ನೀರಿನ ಬಾವಿಯಿಂದ ದೂರ ಇರಬೇಕು.

ನೀರು ತುಂಬುವವರು ಯಾರು?

ಒಂದು ಲೆಕ್ಕ ಮಾಡೋಣ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಒಂದು ಕೊಡದಲ್ಲಿ 15 ಲೀಟರ್ ಹಿಡಿದರೆ ನೀರೇ 15 ಕಿಲೋ. ಅಂಥ 6 ಕೊಡ ಹೊತ್ತರೆ 90 ಕಿಲೋ ಆಯಿತು. ಹಬ್ಬದ ಸಂಜೆ ಇಷ್ಟನ್ನು ಯಾರು ಹೊರುತ್ತಾರೆ? ಹೆಚ್ಚಿನ ಮನೆಗಳಲ್ಲಿ ಹೆಂಗಸರೇ. ಬೆಳಿಗ್ಗೆ ಎಲ್ಲರಿಗೂ ಎಣ್ಣೆ ಹಚ್ಚಿ, ನೀರು ಹೊಯ್ದು, ಕೊನೆಗೆ ಮೀಯುವವಳೂ ಅವಳೇ. ಅಷ್ಟು ಹೊತ್ತಿಗೆ ನೀರು ತಣ್ಣಗಾಗಿರುತ್ತದೆ. ಕೆಲವು ಸಲ ಮುಗಿದೇ ಹೋಗಿರುತ್ತದೆ.

ಆ ಬಾಡಿಗೆ ಮನೆಯಲ್ಲಿ ಈ ಸಲ ಹಾಗಾಗಲಿಲ್ಲ. ಸಂಜೆ ಗಂಡ ನಲ್ಲಿಯಿಂದ ನೀರು ತಂದ. ಮಗ ಬಕೆಟ್ ಉಜ್ಜಿದ. ಮಗಳು ತೋರಣ ಕಟ್ಟಿದಳು. ಬೆಳಗಿನ ಜಾವ ಅತ್ತೆ ಎಣ್ಣೆ ಬಟ್ಟಲು ಹಿಡಿದು ಕರೆದರು.

“ಬಾರಮ್ಮ, ಕೂತ್ಕೋ. ಮೊದಲ ಎಣ್ಣೆ ನಿನಗೆ.”

“ನಂಗ್ಯಾಕೆ ಅತ್ತೆ? ಕೆಲಸ ಇದೆ.”

“ಕೆಲಸ ಎಲ್ಲರೂ ಮಾಡ್ತಾರೆ. ನೀರು ಬಿಸಿ ಇದೆ, ಬಾ.”

ಯೋಚಿಸಿ, ಮಾತಾಡಿ

- ನಿಮ್ಮ ಬಚ್ಚಲಲ್ಲಿ ಗಾಳಿಕಿಂಡಿ ಇದೆಯೆ? ಅದು ತೆರೆದಿದೆಯೆ?
- ನಿಮ್ಮ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ?
- ನಿಮ್ಮ ಮನೆಯಲ್ಲಿ ಹಬ್ಬದ ನೀರು ತುಂಬುವವರು ಯಾರು? ಕೊನೆಗೆ ಮೀಯುವವರು ಯಾರು?